ಸರ್ವರ್‌ನ ಸಮಯ ಕಬಳಿಸುವವರು ಯಾರು?

'ಸರ್ವರ್ ಬ್ಯುಸಿ ಇದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.' ಪಡಿತರ ಅಂಗಡಿಯಿಂದ ಹಿಡಿದು ಪರೀಕ್ಷಾ ಫಲಿತಾಂಶದವರೆಗೆ ಈ ಮಾತನ್ನು ಕೇಳದವರು ವಿರಳ. ಸರಿ, ಸರ್ವರ್ ಬ್ಯುಸಿಯಾಗಿದೆ. ಆದರೆ ಯಾವ ಕೆಲಸದಲ್ಲಿ? ಅದರ ಸಮಯವನ್ನೆಲ್ಲ ಕಬಳಿಸುತ್ತಿರುವುದು ಯಾವ ಪ್ರೋಗ್ರಾಂ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಹೊಸ ಯಂತ್ರ ತಂದರೆ ಹಣ ಖರ್ಚಾದೀತೇ ಹೊರತು ಜನ ಕಾಯುವುದು ತಪ್ಪಲಾರದು.

ಸರ್ವರ್ ಎಂದರೆ ಬೇರೇನೂ ಅಲ್ಲ, ಹಲವರಿಗೆ ಏಕಕಾಲದಲ್ಲಿ ಸೇವೆ ಒದಗಿಸುವ ಕಂಪ್ಯೂಟರ್. ಅದರ ಮಿದುಳು ಪ್ರೊಸೆಸರ್. ಅದರೊಳಗೆ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೆ 'ಪ್ರಕ್ರಿಯೆ' ಎಂದು ಹೆಸರು. ನೂರಾರು ಪ್ರಕ್ರಿಯೆಗಳು ಒಟ್ಟಿಗೆ ನಡೆಯುವಂತೆ ಕಂಡರೂ ವಾಸ್ತವದಲ್ಲಿ ಅವು ಸರದಿಯಂತೆ ಪ್ರೊಸೆಸರನ್ನು ಬಳಸುತ್ತವೆ. ಆಪರೇಟಿಂಗ್ ಸಿಸ್ಟಂ ಎಂಬ ಮೇಲ್ವಿಚಾರಕ ಒಂದೊಂದಕ್ಕೂ ಕೆಲವೇ ಮಿಲಿಸೆಕೆಂಡುಗಳ ಸರದಿ ಕೊಟ್ಟು, ಮುಂದಿನದನ್ನು ಕರೆಯುತ್ತದೆ. ಹೀಗೆ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವಿಧಾನವನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದರು. ಹಂಚಿಕೊಳ್ಳುವುದು ಬಂದಾಗ ಲೆಕ್ಕವೂ ಬಂತು. ಯಾರು ಎಷ್ಟು ಬಳಸಿದರು ಎಂಬುದು ಅಂದಿನಿಂದಲೂ ಮುಖ್ಯ ಪ್ರಶ್ನೆ.

ಹಳೆ ಮದ್ರಾಸ್ ರಸ್ತೆಯ ಪದ್ಮ

ಬೆಂಗಳೂರಿನ ಕಗ್ಗದಾಸಪುರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಹಳೆ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯ ನಾಲೆಡ್ಜ್ ಪಾರ್ಕ್ ಇದೆ. 'ಪರಮ್ ಪದ್ಮ' ಸೂಪರ್ ಕಂಪ್ಯೂಟರ್ ಸ್ಥಾಪನೆಯಾದದ್ದು ಇಲ್ಲಿಯೇ. ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಲೆಕ್ಕಗಳನ್ನು ಮಾಡುವ ಸಾಮರ್ಥ್ಯ ಅದಕ್ಕಿತ್ತು. 2003ರ ಜೂನ್‌ನಲ್ಲಿ ಜಗತ್ತಿನ 500 ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ ಅದು 171ನೆಯ ಸ್ಥಾನ ಪಡೆಯಿತು.

ಪದ್ಮದಲ್ಲಿದ್ದ ಪ್ರೊಸೆಸರುಗಳು 248. ದಿನಕ್ಕೆ 24 ಗಂಟೆ. ಎರಡನ್ನೂ ಗುಣಿಸಿದರೆ 5,952 'ಪ್ರೊಸೆಸರ್ ಗಂಟೆ'ಗಳು. ಒಂದು ದಿನದಲ್ಲಿ ಹಂಚಲು ಇದ್ದ ಬಂಡವಾಳ ಇಷ್ಟೇ. ಇಂಥ ಯಂತ್ರದಲ್ಲಿ ಒಬ್ಬ ಸಂಶೋಧಕ 16 ಪ್ರೊಸೆಸರುಗಳನ್ನು 10 ಗಂಟೆ ಕಾಯ್ದಿರಿಸಿದನೆನ್ನಿ. ಅವನ ಪಾಲಿಗೆ 160 ಪ್ರೊಸೆಸರ್ ಗಂಟೆ. ಅವನ ಪ್ರೋಗ್ರಾಂ ನಿಜವಾಗಿ ಬಳಸಿದ್ದು 80 ಮಾತ್ರವಾದರೆ ಉಳಿದ 80 ಗಂಟೆ ವ್ಯರ್ಥ. ಸರದಿಯಲ್ಲಿ ಕಾದಿದ್ದ ಇನ್ನೊಬ್ಬನ ಕೆಲಸ ಅಷ್ಟರ ಮಟ್ಟಿಗೆ ತಡವಾದಂತೆ. ಆದ್ದರಿಂದಲೇ ಪ್ರತಿ ಪ್ರಕ್ರಿಯೆಯ ಬಳಕೆಯನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.

ಕರೆಂಟ್ ಮೀಟರಿನ ಉಪಾಯ

ಅಳೆಯುವುದು ಹೇಗೆ? ಮನೆಯ ವಿದ್ಯುತ್ ಮೀಟರನ್ನು ನೆನಪಿಸಿಕೊಳ್ಳಿ. ಅದರ ಅಂಕಿ ಏರುತ್ತಲೇ ಹೋಗುತ್ತದೆ. ಈ ತಿಂಗಳ ಅಂಕಿಯಿಂದ ಕಳೆದ ತಿಂಗಳ ಅಂಕಿಯನ್ನು ಕಳೆದರೆ ಬಳಕೆ ಸಿಗುತ್ತದೆ. ಆದರೆ ಮನೆಗೆ ಒಂದೇ ಮೀಟರ್ ಇರುವುದರಿಂದ ಗೀಸರ್ ಎಷ್ಟು ಉಂಡಿತು, ಫ್ರಿಜ್ ಎಷ್ಟು ಉಂಡಿತು ಎಂಬುದು ತಿಳಿಯದು. ಆಪರೇಟಿಂಗ್ ಸಿಸ್ಟಂ ಇದಕ್ಕಿಂತ ಜಾಣ. ಅದು ಒಂದೊಂದು ಪ್ರಕ್ರಿಯೆಗೂ ಒಂದೊಂದು ಮೀಟರ್ ಇಟ್ಟಿರುತ್ತದೆ.

ಲಿನಕ್ಸ್‌ನಲ್ಲಿ ಈ ಮೀಟರಿನ ಅಂಕಿ ಸಾಮಾನ್ಯವಾಗಿ ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ. ಒಂದು ಪ್ರಕ್ರಿಯೆಯ ಅಂಕಿ ಈಗ 5,240, ಐದು ಸೆಕೆಂಡಿನ ನಂತರ 5,490 ಎಂದಿಟ್ಟುಕೊಳ್ಳಿ. ವ್ಯತ್ಯಾಸ 250, ಅಂದರೆ ಎರಡೂವರೆ ಸೆಕೆಂಡು. ಐದು ಸೆಕೆಂಡಿನಲ್ಲಿ ಎರಡೂವರೆ ಎಂದರೆ ಶೇಕಡ 50. ವಿಲಿಯಂ ಲೆಫೆವ್ರ್ 1984ರಲ್ಲಿ ಬರೆದ 'ಟಾಪ್' ಎಂಬ ಹೆಸರಾಂತ ಪ್ರೋಗ್ರಾಂ ಪರದೆಯ ಮೇಲೆ ತೋರಿಸುವುದು ಇಂಥ ಶೇಕಡಾವಾರು ಪಟ್ಟಿಯನ್ನೇ. ಹೆಚ್ಚು ಉಣ್ಣುವವರ ಹೆಸರು ಮೇಲೆ, ಕಡಿಮೆ ಉಣ್ಣುವವರದು ಕೆಳಗೆ. ತಮಾಷೆಯೆಂದರೆ ಪಟ್ಟಿಯಲ್ಲಿ ಟಾಪ್‌ನ ಹೆಸರೂ ಇರುತ್ತದೆ. ಬಿಸಿನೀರಿಗೆ ಅದ್ದಿದ ಥರ್ಮಾಮೀಟರ್ ತಾನೂ ಸ್ವಲ್ಪ ಶಾಖ ಹೀರುವ ಹಾಗೆ, ಅಳೆಯುವ ಸಾಧನವೂ ಸ್ವಲ್ಪ ಸಮಯ ಬಳಸಲೇಬೇಕಷ್ಟೆ.

ಇಲ್ಲೊಂದು ಎಚ್ಚರಿಕೆ ಬೇಕು. ಈಗಿನ ಪ್ರೊಸೆಸರುಗಳಲ್ಲಿ ನಾಲ್ಕು, ಎಂಟು ಕೋರ್‌ಗಳಿರುತ್ತವೆ. ಮೇಲಿನ ಲೆಕ್ಕದ ಶೇಕಡ 50 ಒಂದು ಕೋರ್‌ಗೆ ಸಂಬಂಧಿಸಿದ್ದು. ನಾಲ್ಕು ಕೋರ್‌ಗಳ ಯಂತ್ರದ ಒಟ್ಟು ಶಕ್ತಿಗೆ ಹೋಲಿಸಿದರೆ ಅದು ಶೇಕಡ 12.5 ಮಾತ್ರ. ಟಾಪ್ ಸಾಮಾನ್ಯವಾಗಿ ಮೊದಲ ಅಂಕಿಯನ್ನು ತೋರಿಸುತ್ತದೆ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎರಡನೆಯ ರೀತಿಯದನ್ನು. ಟಾಪ್‌ನಲ್ಲಿ ಶೇಕಡ 300 ಎಂದು ಕಂಡರೆ ಗಾಬರಿ ಬೇಡ. ಮೂರು ಕೋರ್‌ಗಳು ಪೂರ್ತಿ ದುಡಿಯುತ್ತಿವೆ ಎಂದರ್ಥ.

ಪುಸ್ತಕ ತೆರೆದು ಕೂರುವ ಹುಡುಗ

ಈ ಮೀಟರನ್ನು ವಂಚಿಸಬಹುದೇ? ಒಂದು ಕಾಲಕ್ಕೆ ಸಾಧ್ಯವಿತ್ತು. ಹಿಂದಿನ ಅನೇಕ ಆಪರೇಟಿಂಗ್ ಸಿಸ್ಟಂಗಳು ಗಡಿಯಾರ 'ಟಿಕ್' ಎಂದ ಕ್ಷಣದಲ್ಲಿ ಮಾತ್ರ ಇಣುಕಿ ನೋಡಿ, ಆಗ ಯಾರಿದ್ದರೋ ಅವರ ಖಾತೆಗೆ ಸಮಯ ಬರೆಯುತ್ತಿದ್ದವು. ಮೇಷ್ಟ್ರು ಬರುವ ಹೊತ್ತಿಗೆ ಸರಿಯಾಗಿ ಪುಸ್ತಕ ತೆರೆದು ಕೂರುವ, ಉಳಿದ ಹೊತ್ತೆಲ್ಲ ಆಟವಾಡುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕೆ? ಡಾನ್ ತ್ಸಫ್ರೀರ್, ಯೋವ್ ಎಟ್ಸಿಯಾನ್ ಮತ್ತು ಡ್ರೋರ್ ಫೈಟೆಲ್ಸನ್ ಎಂಬ ಸಂಶೋಧಕರು 2007ರಲ್ಲಿ ಇದನ್ನು ಮಾಡಿ ತೋರಿಸಿದರು. ಟಿಕ್‌ಗೆ ಸ್ವಲ್ಪ ಮುನ್ನ ಪಕ್ಕಕ್ಕೆ ಸರಿಯುವ ಒಂದು ಸಾಧಾರಣ ಪ್ರೋಗ್ರಾಂ, ಯಾವ ವಿಶೇಷ ಅಧಿಕಾರವೂ ಇಲ್ಲದೆ, ಪ್ರೊಸೆಸರಿನ ಬಹುಪಾಲನ್ನು ನುಂಗಿ ಏನೂ ಬಳಸದಂತೆ ಉಳಿಯಬಲ್ಲುದಾಗಿತ್ತು! ತಪ್ಪು ಮಾಡಿದವನು ಪಾರಾಗಿ, ಟಿಕ್ ಹೊತ್ತಿಗೆ ಒಳಗಿದ್ದ ನಿರಪರಾಧಿಯ ಮೇಲೆ ಹೊರೆ ಬೀಳುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಿನಕ್ಸ್‌ಗೆ ಇಂಗೊ ಮೊಲ್ನಾರ್ ರೂಪಿಸಿದ ಹೊಸ ಸರದಿ ಪದ್ಧತಿ ಬಂತು. ಅದು ಟಿಕ್‌ಗೆ ಕಾಯದೆ, ಪ್ರಕ್ರಿಯೆ ಒಳಹೊಕ್ಕ ಮತ್ತು ಹೊರಬಂದ ವೇಳೆಯನ್ನು ನ್ಯಾನೋಸೆಕೆಂಡಿನ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದ, ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ.

ರೈಲ್ವೆ ಗೇಟಿನ ಪಾಠ

ಅಂಕಿ ನಿಖರವಾದ ಮಾತ್ರಕ್ಕೆ ಅರ್ಥ ಸ್ಪಷ್ಟವಾಯಿತೆಂದಲ್ಲ. ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಕಾದವರಿಗೆ ಇದು ಬೇಗ ತಿಳಿದೀತು. ಗೇಟ್ ಹಾಕಿದಾಗ ವಾಹನಗಳ ಸಾಲು ಬೆಳೆಯುತ್ತದೆ, ಎಂಜಿನ್ ಓಡುತ್ತಿರುತ್ತದೆ, ಪೆಟ್ರೋಲ್ ಉರಿಯುತ್ತದೆ, ಆದರೆ ಯಾರೂ ಒಂದಡಿ ಮುಂದೆ ಹೋಗಿರುವುದಿಲ್ಲ. ಪ್ರೊಸೆಸರಿನದೂ ಇದೇ ಕಥೆ. ಮೆಮೊರಿಯಿಂದ ಮಾಹಿತಿ ಬರಲೆಂದು ಕಾಯುವ ಹೊತ್ತೂ 'ದುಡಿಮೆ'ಯ ಖಾತೆಗೇ ಸೇರುತ್ತದೆ. ಇನ್ನು ಸಾಲಿನ ಉದ್ದವನ್ನು ಹೇಳುವ ಅಂಕಿಯೇ ಬೇರೆ, ಅದಕ್ಕೆ 'ಲೋಡ್ ಆವರೇಜ್' ಎಂದು ಹೆಸರು. ಲಿನಕ್ಸ್‌ನಲ್ಲಿ ಡಿಸ್ಕಿಗಾಗಿ ಕಾಯುವವರೂ ಈ ಸಾಲಿನಲ್ಲಿ ಸೇರುತ್ತಾರೆ. ಸಾಲು ಉದ್ದವಿದ್ದು ಪ್ರೊಸೆಸರ್ ಮಾತ್ರ ಬಿಡುವಾಗಿದ್ದರೆ ತೊಡಕು ಬಹುಶಃ ಡಿಸ್ಕಿನಲ್ಲಿದೆ ಎಂದು ತಿಳಿಯಬೇಕು.

ಮನೆಯಲ್ಲೇ ಮಾಡಿ ನೋಡಿ

ಇದಕ್ಕೆ ಸರ್ವರೇ ಬೇಕೆಂದಿಲ್ಲ. 'ಕಂಪ್ಯೂಟರ್ ಹಳೆಯದಾಯಿತು, ಹೊಸದು ಕೊಡಿಸಿ' ಎಂಬ ಬೇಡಿಕೆ ಇರುವ ಮನೆಗಳಲ್ಲಿ ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಒಂದು ಪ್ರಯೋಗ ಮಾಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಸಿಪಿಯು' ಎಂಬ ತಲೆಬರಹವನ್ನು ಒತ್ತಿದರೆ ಹೆಚ್ಚು ಬಳಸುವವು ಮೇಲೆ ಬರುತ್ತವೆ. ಏನೂ ತೆರೆಯದೆ ಐದು ನಿಮಿಷ, ವಿಡಿಯೊ ನೋಡುತ್ತಾ ಐದು ನಿಮಿಷ, ಪಾಠದ ಕೆಲಸ ಮಾಡುತ್ತಾ ಐದು ನಿಮಿಷ ಗಮನಿಸಿ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗೊತ್ತಿಲ್ಲದ ಪ್ರಕ್ರಿಯೆಯನ್ನು ಮಾತ್ರ ನಿಲ್ಲಿಸಲು ಹೋಗಬೇಡಿ.

ಪ್ರೊಸೆಸರ್ ಬಿಡುವಾಗಿದ್ದು ಡಿಸ್ಕ್ ಸದಾ ಶೇಕಡ 100 ತೋರುತ್ತಿದ್ದರೆ, ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸಿದರೇ ಸಾಕಾಗಬಹುದು. ಅದರ ವೆಚ್ಚ ಹೊಸ ಕಂಪ್ಯೂಟರಿಗಿಂತ ಎಷ್ಟೋ ಕಡಿಮೆ. ಬೇಡದ ಒಂದು ಪ್ರೋಗ್ರಾಂ ಸಮಯ ನುಂಗುತ್ತಿದ್ದರೆ ಖರ್ಚೇ ಇಲ್ಲ, ತೆಗೆದುಹಾಕಿದರಾಯಿತು. ಮಾಡುವ ಕೆಲಸಕ್ಕೇ ಪ್ರೊಸೆಸರ್ ಸಾಲದೆ ಹೋದರೆ ಮಕ್ಕಳ ಬೇಡಿಕೆ ನ್ಯಾಯವಾದದ್ದು. ಆಗ ವಾದಕ್ಕೆ ಅವಕಾಶವಿಲ್ಲ, ಅಂಕಿಗಳು ನೋಟ್‌ಬುಕ್ಕಿನಲ್ಲೇ ಇರುತ್ತವೆ.