ಉಪ್ಪಿದ್ದಲ್ಲಿ ನೀರು

ಮಳೆಗಾಲದಲ್ಲಿ ಮುಂಬಯಿಯ ಅಡಿಗೆಮನೆಗಳಲ್ಲಿ ಉಪ್ಪು ಒದ್ದೆಯಾಗುವುದು ಎಲ್ಲರೂ ಕಂಡದ್ದೇ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರಿನೊಡನೆ ಅದಕ್ಕಿರುವ ಈ ನಂಟನ್ನು ಅರಿತರೆ ಅದರ ಉಪಕಾರ, ಅಪಕಾರ ಎರಡೂ ತಿಳಿಯುತ್ತವೆ.

ಊರಿನಿಂದ ತಂದ ಮಾವಿನ ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ನೀರು ಹೊರಬಂದು ಮಿಡಿ ಸುಕ್ಕುತ್ತದೆ. ಅದನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೂ ಅದೇ ಗತಿ. ಆದುದರಿಂದಲೇ ಉಪ್ಪಿನಕಾಯಿ ಬಹುಕಾಲ ಬಾಳುತ್ತದೆ. ಉಪ್ಪು ಸಾಲದ ಭರಣಿಗೆ ಬೂಷ್ಟು ಹಿಡಿಯುತ್ತದೆ.

ನಮ್ಮ ದೇಹದಲ್ಲಿಯೂ ಉಪ್ಪು ನೀರನ್ನು ಹಿಡಿದಿಡುತ್ತದೆ. ಮಿತಿಮೀರಿದರೆ ರಕ್ತದ ಒತ್ತಡ ಏರುತ್ತದೆ. ಹಿರಿಯರಿಗೆ ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕಕ್ಕೆ ಸೇರಬೇಕು.

ಮಗುವಿಗೆ ಭೇದಿಯಾದಾಗ ನೀರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರು ಸಾಲದು. ಔಷಧದಂಗಡಿಯ ಪೊಟ್ಟಣ ಸಿಗುವವರೆಗೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕರುಳು ಉಪ್ಪನ್ನೂ ನೀರನ್ನೂ ಹೀರಲು ಸಕ್ಕರೆ ನೆರವಾಗುತ್ತದೆ.

ಸಾರಿಗೆ ಉಪ್ಪು ಹೆಚ್ಚಾದರೆ ಊಟವಷ್ಟೇ ಕೆಟ್ಟೀತು. ಈ ನೀರಿಗೆ ಹೆಚ್ಚಾದರೆ ಮಗುವಿಗೇ ಅಪಾಯ. ಇಲ್ಲಿ ಕೈಯಂದಾಜು ಬೇಡ, ಚಮಚವೇ ಇರಲಿ.