ಅಣುವಿನ ದೂರದ ಸ್ಥಾನಕ್ಕೆ ನೇರ ದಾರಿ: ಹಂತ ಉಳಿದರೆ ಹಣ ಉಳಿಯುವುದೇ?

ಔಷಧ, ಕೀಟನಾಶಕ ಹಾಗೂ ಬಣ್ಣಗಳ ತಯಾರಿಕೆಯಲ್ಲಿ ಕಚ್ಚಾ ಪದಾರ್ಥದ ಬೆಲೆಯಷ್ಟೇ ಮಹತ್ವವುಳ್ಳದ್ದು ತಯಾರಿಕಾ ಹಂತಗಳ ಸಂಖ್ಯೆ. ಪ್ರತಿ ಹಂತದಲ್ಲಿ ಶೇಕಡ 80ರಷ್ಟು ಇಳುವರಿ ದೊರೆತರೂ ಆರು ಹಂತಗಳ ಕೊನೆಗೆ ಉಳಿಯುವುದು ಶೇಕಡ 26 ಮಾತ್ರ. ಮೂರೇ ಹಂತಗಳಾದರೆ ಶೇಕಡ 51. ಹಂತಗಳನ್ನು ಕಡಿಮೆ ಮಾಡುವ ಭರವಸೆ ನೀಡುವ ಒಂದು ರಾಸಾಯನಿಕ ವಿಧಾನವನ್ನು ಉದ್ಯಮಿಗಳು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ವಿಧಾನದ ತಿರುಳು

ಬೆಂಜೀನ್ ಉಂಗುರದಲ್ಲಿ ಒಂದು ರಾಸಾಯನಿಕ ಗುಂಪು ಇದ್ದಲ್ಲಿ ಅದರ ಪಕ್ಕದ ಸ್ಥಾನ ಆರ್ಥೋ, ಅದರಾಚೆಯದು ಮೆಟಾ, ನೇರ ಎದುರಿನದು ಪ್ಯಾರಾ. ಹೊಸ ಗುಂಪು ಎಲ್ಲಿ ಸೇರಬೇಕೆಂಬುದನ್ನು ಸಾಂಪ್ರದಾಯಿಕ ವಿಧಾನದಲ್ಲಿ ಬಹುಮಟ್ಟಿಗೆ ಮೊದಲೇ ಇರುವ ಗುಂಪೇ ನಿರ್ಧರಿಸುತ್ತದೆ. ಬೇಕಾದ ಸ್ಥಾನ ದೊರೆಯದಿದ್ದರೆ ನೈಟ್ರೇಶನ್, ಅಪಕರ್ಷಣ, ಡಯಜೋಟೀಕರಣಗಳ ಸುತ್ತುದಾರಿ ಅನಿವಾರ್ಯ. ಪಲ್ಲಾಡಿಯಂ ಲೋಹವನ್ನು ವೇಗವರ್ಧಕವಾಗಿ ಬಳಸಿದರೂ ಅದು ಸಾಮಾನ್ಯವಾಗಿ ಸಮೀಪದ ಆರ್ಥೋ ಸ್ಥಾನವನ್ನೇ ಹಿಡಿಯುತ್ತದೆ.

2012ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಜಿನ್-ಕ್ವಾನ್ ಯು ಅವರ ತಂಡ ಇದಕ್ಕೊಂದು ಪರಿಹಾರ ಸೂಚಿಸಿತು. ಅಣುವಿಗೆ ಉದ್ದನೆಯ ತೋಳೊಂದನ್ನು ತಾತ್ಕಾಲಿಕವಾಗಿ ಜೋಡಿಸಿ, ಅದರ ತುದಿಯ ನೈಟ್ರೈಲ್ ಗುಂಪಿನಿಂದ ಪಲ್ಲಾಡಿಯಂ ಅನ್ನು ಹಿಡಿದು, ಮೆಟಾ ಸ್ಥಾನದ ಮೇಲೆ ತಂದು ನಿಲ್ಲಿಸಲಾಯಿತು. 2015ರಲ್ಲಿ ಮುಂಬಯಿ ಐಐಟಿಯ ದೇಬಬ್ರತ ಮೈತಿ ಅವರ ತಂಡ ಇದೇ ಮಾರ್ಗದಲ್ಲಿ ಇನ್ನೂ ದೂರದ ಪ್ಯಾರಾ ಸ್ಥಾನವನ್ನು ತಲುಪಿತು. ಮೈತಿ ಅವರಿಗೆ 2022ನೇ ಸಾಲಿನ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿದೆ.

ಖರ್ಚಿನ ಬದಿ

ಹಂತಗಳು ಕಡಿಮೆಯಾದ ಮಾತ್ರಕ್ಕೆ ವೆಚ್ಚವೂ ಕಡಿಮೆಯಾಯಿತೆಂದು ಭಾವಿಸುವಂತಿಲ್ಲ. ತೋಳನ್ನು ಜೋಡಿಸುವುದು ಮತ್ತು ಕೊನೆಗೆ ಬಿಡಿಸುವುದು ಸಹ ಹಂತಗಳೇ. ಪ್ರಯೋಗಾಲಯದ ಹಲವು ವರದಿಗಳಲ್ಲಿ ಅಣುಗಳ ಲೆಕ್ಕದಲ್ಲಿ ಶೇಕಡ 10ರಷ್ಟು ಪಲ್ಲಾಡಿಯಂ, ಉತ್ಕರ್ಷಕವಾಗಿ ಬೆಳ್ಳಿಯ ಲವಣ ಹಾಗೂ ದ್ರಾವಕವಾಗಿ ದುಬಾರಿ ಫ್ಲೋರಿನ್‌ಯುಕ್ತ ಆಲ್ಕೋಹಾಲ್ ಬಳಕೆಯಾಗಿವೆ.

ಒಂದು ಉದಾಹರಣೆ ನೋಡಬಹುದು. ಅಣುತೂಕ 250 ಇರುವ ಒಂದು ಕಿಲೋ ಪದಾರ್ಥವೆಂದರೆ 4 ಮೋಲ್. ಮೇಲಿನ ಪ್ರಮಾಣದಂತೆ ಇದಕ್ಕೆ ಸುಮಾರು 43 ಗ್ರಾಂ ಪಲ್ಲಾಡಿಯಂ ಬೇಕು. ಪ್ರತಿ ಮೋಲ್‌ಗೆ ಎರಡು ಮೋಲ್ ಬೆಳ್ಳಿ ಎಂದಿಟ್ಟುಕೊಂಡರೆ ಬೆಳ್ಳಿಯೇ ಸುಮಾರು 860 ಗ್ರಾಂ. 2022ರ ಮಾರ್ಚ್‌ನಲ್ಲಿ ಪಲ್ಲಾಡಿಯಂ ಬೆಲೆ 31.1 ಗ್ರಾಂ ತೂಕದ ಟ್ರಾಯ್ ಔನ್ಸ್‌ಗೆ 3,000 ಡಾಲರ್ ದಾಟಿತ್ತು. ಆ ದರದಲ್ಲಿ 43 ಗ್ರಾಂಗೆ 4,100 ಡಾಲರಿಗೂ ಹೆಚ್ಚು. 2023ರ ಅಂತ್ಯದ ವೇಳೆಗೆ ಬೆಲೆ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂತಹ ಏರಿಳಿತವಿರುವ ಲೋಹವನ್ನು ದಾಸ್ತಾನಿಟ್ಟುಕೊಳ್ಳುವ ಸಣ್ಣ ಘಟಕದ ದುಡಿಯುವ ಬಂಡವಾಳ ಸಹಜವಾಗಿಯೇ ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ.

ಶುದ್ಧೀಕರಣದ ವೆಚ್ಚವೂ ಇದೆ. ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಬಾಯಿಯ ಮೂಲಕ ಸೇವಿಸುವ ಔಷಧದಿಂದ ದೇಹಕ್ಕೆ ಸೇರಬಹುದಾದ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರುವಂತಿಲ್ಲ.

ಜಮೆಯ ಬದಿ

ಜಮೆಯ ಬದಿಯೂ ಬರಿದಾಗಿಲ್ಲ. 1992ರಲ್ಲಿ ರೋಜರ್ ಶೆಲ್ಡನ್ ಮಂಡಿಸಿದ ಲೆಕ್ಕದಂತೆ ಔಷಧ ತಯಾರಿಕೆಯಲ್ಲಿ ಪ್ರತಿ ಕಿಲೋ ಉತ್ಪನ್ನಕ್ಕೆ 25ರಿಂದ 100 ಕಿಲೋಗೂ ಮೀರಿದ ತ್ಯಾಜ್ಯ ಹುಟ್ಟುತ್ತದೆ. ಸುತ್ತುದಾರಿಯ ಹಂತಗಳು ತಪ್ಪಿದರೆ ಆಮ್ಲ, ದ್ರಾವಕ ಹಾಗೂ ತ್ಯಾಜ್ಯ ವಿಲೇವಾರಿಯ ಖರ್ಚೂ ಇಳಿಯುತ್ತದೆ. ಸಂಕೀರ್ಣ ಅಣುವೊಂದನ್ನು ಮೊದಲಿನಿಂದ ಕಟ್ಟದೆ ಕೊನೆಯ ಘಟ್ಟದಲ್ಲೇ ಮಾರ್ಪಡಿಸಲು ಸಾಧ್ಯವಾಗುವುದು ಇನ್ನೊಂದು ಅನುಕೂಲ. ಹೊಸ ಔಷಧಗಳ ಶೋಧದಲ್ಲಿ ಕೆಲವೇ ಗ್ರಾಂ ಸಾಕಾಗುವುದರಿಂದ ಅಲ್ಲಿ ಲೋಹದ ಬೆಲೆ ಗೌಣ, ಉಳಿಯುವ ಸಮಯವೇ ಮುಖ್ಯ.

ಕಿಲೋಗೆ ಕೆಲವು ಸಾವಿರ ರೂಪಾಯಿ ಬೆಲೆಯ ಮಧ್ಯವರ್ತಿ ರಾಸಾಯನಿಕ ತಯಾರಿಸುವ ಅಂಕಲೇಶ್ವರ, ಹೈದರಾಬಾದ್ ಅಥವಾ ಬೀದರಿನ ಘಟಕಗಳ ಸ್ಥಿತಿ ಬೇರೆ. ಅವು ತಂತ್ರಜ್ಞಾನಕ್ಕೆ ಹಣ ತೊಡಗಿಸುವ ಮುನ್ನ ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಪಡೆಯಬೇಕು:

• ತೋಳಿನ ಹಂತಗಳನ್ನು ಸೇರಿಸಿದ ಮೇಲೂ ಒಟ್ಟು ಇಳುವರಿ ಹೆಚ್ಚುವುದೇ?
• ಪ್ರತಿ ಬ್ಯಾಚಿನಲ್ಲಿ ಎಷ್ಟು ಲೋಹ ಮರಳಿ ದೊರೆಯುತ್ತದೆ, ಎಷ್ಟು ನಷ್ಟವಾಗುತ್ತದೆ?
• ಬೆಳ್ಳಿಯ ಬದಲು ಗಾಳಿಯ ಆಮ್ಲಜನಕದಂತಹ ಅಗ್ಗದ ಉತ್ಕರ್ಷಕ ಸಾಕಾಗುವುದೇ?
• ಲೋಹದ ಬೆಲೆ ದುಪ್ಪಟ್ಟಾದರೂ ಲಾಭ ಉಳಿಯುವುದೇ?

ಮರಳಿ ಪಡೆಯಬಹುದಾದ ಲೋಹವನ್ನು ಪೂರ್ತಿ ಖರ್ಚೆಂದು ಬರೆದರೆ ಉತ್ತಮ ವಿಧಾನವೂ ನಷ್ಟದ್ದಾಗಿ ತೋರುತ್ತದೆ. ಸೋರಿಕೆಯನ್ನು ಮರೆತರೆ ನಷ್ಟದ ವಿಧಾನವೂ ಲಾಭದಾಯಕವಾಗಿ ಕಾಣುತ್ತದೆ. ಆದ್ದರಿಂದ ಹೊಸ ವಿಧಾನದ ಯೋಗ್ಯತೆಯನ್ನು ಅಳೆಯಬೇಕಾದದ್ದು ಉಳಿದ ಹಂತಗಳಿಂದಲ್ಲ, ಶುದ್ಧ ಉತ್ಪನ್ನದ ಪ್ರತಿ ಕಿಲೋಗೆ ತಗಲುವ ಒಟ್ಟು ವೆಚ್ಚದಿಂದ.