ಬಾರದ ವಾಹನ, ಏರುವ ಬಾಡಿಗೆ: ಚಿಪ್ ಕೊರತೆಯ ವರ್ಷಗಳು ಸಣ್ಣ ಉದ್ದಿಮೆಗೆ ಕಲಿಸಿದ ಲೆಕ್ಕ

ಸ್ಕೂಟರಿಗಾಗಿ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದಿದ್ದ ದಿನಗಳು ಹಿರಿಯ ವರ್ತಕರ ನೆನಪಿನಿಂದ ಇನ್ನೂ ಮಾಸಿಲ್ಲ. ಪರವಾನಗಿ ಪದ್ಧತಿಯ ಆ ಕಾಲದಲ್ಲಿ ಸರದಿ ಬಂದ ಬುಕ್ಕಿಂಗ್ ಚೀಟಿಯನ್ನೇ ಲಾಭಕ್ಕೆ ಮಾರಿಕೊಂಡವರಿದ್ದರು. 1993ರಲ್ಲಿ ಕಾರು ತಯಾರಿಕೆಯು ಪರವಾನಗಿಯಿಂದ ಮುಕ್ತವಾದ ಮೇಲೆ ಹೊಸ ಕಾರ್ಖಾನೆಗಳು ಬಂದವು, ಮಾದರಿಗಳು ಹೆಚ್ಚಿದವು, ಗ್ರಾಹಕನನ್ನು ಮಾರಾಟಗಾರನೇ ಹುಡುಕಿಕೊಂಡು ಬರುವ ಸ್ಥಿತಿ ನಿರ್ಮಾಣವಾಯಿತು. ಸರದಿಯ ಕಾಲ ಮತ್ತೆ ಬಾರದೆಂದೇ ಎಲ್ಲರೂ ನಂಬಿದ್ದರು. 2021ರಲ್ಲಿ ಆ ನಂಬಿಕೆ ಸುಳ್ಳಾಯಿತು. ಈ ಬಾರಿ ತಡೆಯಾದದ್ದು ಸರ್ಕಾರದ ಪರವಾನಗಿಯಲ್ಲ. ಬೆರಳ ತುದಿಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ಚಿಪ್.

ಸರಬರಾಜು ಇಂದು ಬಹುಮಟ್ಟಿಗೆ ಸುಧಾರಿಸಿದೆ. ಆದರೆ ಆ ಮೂರು ವರ್ಷಗಳಲ್ಲಿ ಅವಸರದಿಂದ ಸಹಿ ಹಾಕಿದ ಗುತ್ತಿಗೆ ಕರಾರುಗಳ ಭಾರವನ್ನು ಅನೇಕ ಸಣ್ಣ ಉದ್ದಿಮೆಗಳು ಬಹುಕಾಲ ಹೊರಬೇಕಾಯಿತು. ಅಂಥ ಕೊರತೆ ಮರುಕಳಿಸುವ ಸೂಚನೆಗಳು 2025ರಲ್ಲಿ ಎರಡು ಬಾರಿ ಕಂಡುಬಂದಿರುವುದರಿಂದ ಆ ಅನುಭವದ ಲೆಕ್ಕವನ್ನು ಮತ್ತೊಮ್ಮೆ ತೆರೆದು ನೋಡುವುದು ಉಚಿತ.

ಕೊರತೆ ಹುಟ್ಟಿದ ಬಗೆ

2020ರ ಮಾರ್ಚ್ 25ರಿಂದ ದೇಶದಲ್ಲಿ ಲಾಕ್‌ಡೌನ್ ಜಾರಿಯಾಯಿತು. ದೇಶದ ಅತಿ ದೊಡ್ಡ ಕಾರು ತಯಾರಕ ಸಂಸ್ಥೆಯಾದ ಮಾರುತಿ ಸುಜುಕಿಯು ಆ ವರ್ಷದ ಏಪ್ರಿಲ್‌ನಲ್ಲಿ ದೇಶೀಯ ಮಾರುಕಟ್ಟೆಯಲ್ಲಿ ಒಂದೇ ಒಂದು ಕಾರನ್ನೂ ಮಾರಲಿಲ್ಲ. ವಿಶ್ವದಾದ್ಯಂತ ಇದೇ ಸ್ಥಿತಿಯಿದ್ದುದರಿಂದ ವಾಹನ ತಯಾರಕರು ಚಿಪ್‌ಗಳ ಬೇಡಿಕೆಯನ್ನು ಕಡಿತಗೊಳಿಸಿದರು. ಅದೇ ವೇಳೆಗೆ ಮನೆಯಿಂದ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್, ಮೊಬೈಲ್ ಮುಂತಾದ ಸಾಧನಗಳು ಹೇರಳವಾಗಿ ಬೇಕಾದವು; ಚಿಪ್ ಕಾರ್ಖಾನೆಗಳ ಸಾಮರ್ಥ್ಯವು ಅತ್ತ ಹರಿಯಿತು. ವರ್ಷದ ಕೊನೆಯಲ್ಲಿ ಕಾರುಗಳ ಬೇಡಿಕೆ ಅನಿರೀಕ್ಷಿತ ವೇಗದಲ್ಲಿ ಮರಳಿದಾಗ ವಾಹನ ತಯಾರಕರು ಸರದಿಯ ಕೊನೆಯಲ್ಲಿ ನಿಂತಿದ್ದರು.

ಕಷ್ಟಗಳು ಒಂದರ ಹಿಂದೊಂದು ಬಂದವು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಯಿಂದ ವಿದ್ಯುತ್ ಕಡಿತವಾಗಿ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚ್ 19ರಂದು ಜಪಾನಿನ ರೆನೆಸಾಸ್ ಸಂಸ್ಥೆಯ ನಾಕಾ ಘಟಕದಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ವರ್ಷದ ಮಧ್ಯಭಾಗದಲ್ಲಿ, ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆಯ ಕೇಂದ್ರವಾದ ಮಲೇಷಿಯದಲ್ಲಿ ಕೋವಿಡ್ ನಿರ್ಬಂಧಗಳು ಬಿಗಿಯಾದವು.

ಕಾರಿಗೆ ಬೇಕಾದ ಚಿಪ್‌ಗಳಲ್ಲಿ ಹೆಚ್ಚಿನವು ಹಳೆಯ ತಂತ್ರಜ್ಞಾನದವು, ಅಗ್ಗದವು. ಲಾಭ ಕಡಿಮೆಯಿರುವುದರಿಂದ ಅವುಗಳ ತಯಾರಿಕೆಗೆ ಹೊಸ ಬಂಡವಾಳ ಹೂಡುವವರೂ ಕಡಿಮೆ. ಒಂದು ತಂಡ ಚಿಪ್ ತಯಾರಾಗಿ ಹೊರಬರಲು ತಿಂಗಳುಗಳೇ ಹಿಡಿಯುತ್ತವೆ. ಇತ್ತ ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಜಾರಿಯಾಗಿ, ಪ್ರತಿ ವಾಹನದಲ್ಲಿ ಎಲೆಕ್ಟ್ರಾನಿಕ್ಸ್ ಪಾಲು ಹೆಚ್ಚಿತ್ತು. ಕೆಲವು ನೂರು ರೂಪಾಯಿಗಳ ಭಾಗವೊಂದು ಬಾರದೆ ಹತ್ತು ಲಕ್ಷ ರೂಪಾಯಿಗಳ ವಾಹನ ಕಾರ್ಖಾನೆಯ ಅಂಗಳದಲ್ಲೇ ಉಳಿಯುವಂತಾಯಿತು.

ವಿಳಂಬದ ಪ್ರಮಾಣ

2021ರ ಸೆಪ್ಟೆಂಬರ್‌ನಲ್ಲಿ ಹರಿಯಾಣ ಮತ್ತು ಗುಜರಾತ್ ಘಟಕಗಳ ಉತ್ಪಾದನೆಯು ಸಾಮಾನ್ಯ ಮಟ್ಟದ ಶೇ. 40ರಷ್ಟಕ್ಕೆ ಇಳಿಯಬಹುದೆಂದು ಮಾರುತಿ ಸುಜುಕಿ ಪ್ರಕಟಿಸಿತು. ಆ ತ್ರೈಮಾಸಿಕದಲ್ಲಿ ತಯಾರಿಸಲಾಗದೆ ಹೋದ ವಾಹನಗಳು 1.16 ಲಕ್ಷ, ಬಾಕಿ ಉಳಿದ ಬೇಡಿಕೆಗಳು 2 ಲಕ್ಷಕ್ಕೂ ಮಿಗಿಲು. ಮಹೀಂದ್ರಾ ಸಂಸ್ಥೆಯ ಎಕ್ಸ್‌ಯುವಿ 700 ವಾಹನಕ್ಕೆ 2021ರ ಅಕ್ಟೋಬರ್ 7ರಂದು ಬುಕ್ಕಿಂಗ್ ಆರಂಭವಾದಾಗ ಒಂದು ಗಂಟೆಯೊಳಗೆ 25,000 ಮಂದಿ ಮುಂಗಡ ಕಟ್ಟಿದರು. ಅದರ ಕೆಲವು ಮಾದರಿಗಳಿಗೆ ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಉನ್ನತ ಶ್ರೇಣಿಗಳ ಬುಕ್ಕಿಂಗನ್ನು 2023ರ ಏಪ್ರಿಲ್‌ನಲ್ಲಿ ಸರಬರಾಜಿನ ತೊಡಕಿನಿಂದ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮರುತಿಂಗಳು ಬಿಡದಿಯ ಕಾರ್ಖಾನೆಯಲ್ಲಿ ಮೂರನೆಯ ಪಾಳಿ ಆರಂಭವಾಯಿತು.

ಕಾಯುವಿಕೆಯ ಜೊತೆಗೆ ಬೆಲೆಯೂ ಏರಿತು. 2021ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಮಾರುತಿ ಸುಜುಕಿಯ ಬೆಲೆ ಏರಿಕೆಯು ಒಟ್ಟಾರೆ ಸುಮಾರು ಶೇ. 8.8. ವಾಹನದ ಬುಕ್ಕಿಂಗ್ ನಮೂನೆಗಳಲ್ಲಿ 'ವಿತರಣೆಯ ದಿನದ ಬೆಲೆಯೇ ಅನ್ವಯ' ಎಂಬ ಷರತ್ತು ಸಾಮಾನ್ಯವಾಗಿ ಇರುವುದರಿಂದ, ಕಾದವನೇ ಹೆಚ್ಚು ಕೊಡಬೇಕಾದ ಪ್ರಸಂಗ ಒದಗಿತು.

ಗುತ್ತಿಗೆ ಬಾಡಿಗೆ ಏರಿದ ಲೆಕ್ಕ

ಬಂಡವಾಳವನ್ನು ವಾಹನದಲ್ಲಿ ತೊಡಗಿಸಲು ಇಚ್ಛಿಸದ ಉದ್ದಿಮೆಗಳು ಲೀಸ್ ಪದ್ಧತಿಯನ್ನು, ಅಂದರೆ ಗುತ್ತಿಗೆಯನ್ನು ಆಶ್ರಯಿಸುತ್ತವೆ. ಮಾರುತಿ ಸುಜುಕಿಯು ತಿಂಗಳ ಶುಲ್ಕದ ಚಂದಾ ಯೋಜನೆಯನ್ನು 2020ರ ಜುಲೈನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಎರಡು ನಗರಗಳಲ್ಲಿ ಬೆಂಗಳೂರೂ ಒಂದು. ವಾಹನದ ಬೆಲೆ ಶೇ. 9ರಷ್ಟು ಏರಿದರೆ ಬಾಡಿಗೆಯೂ ಶೇ. 9ರಷ್ಟೇ ಏರುವುದೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಬೇರೆ.

ಗುತ್ತಿಗೆ ಬಾಡಿಗೆಯಲ್ಲಿ ಎರಡು ಮುಖ್ಯ ಅಂಶಗಳಿವೆ. ಒಂದು ಸವಕಳಿ: ಖರೀದಿ ಬೆಲೆಯಿಂದ, ಅವಧಿಯ ಕೊನೆಯಲ್ಲಿ ವಾಹನಕ್ಕೆ ಬರಬಹುದಾದ ಉಳಿಕೆ ಮೌಲ್ಯವನ್ನು ಕಳೆದ ಮೊತ್ತ. ಎರಡನೆಯದು ತೊಡಗಿಸಿದ ಹಣದ ಬಡ್ಡಿ. ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ವಾಹನದ ಬೆಲೆ ರೂ. 10,00,000, ಅವಧಿ 3 ವರ್ಷ, ಉಳಿಕೆ ಮೌಲ್ಯ ರೂ. 4,00,000, ಬಡ್ಡಿ ಶೇ. 9 ಎಂದಿಟ್ಟುಕೊಂಡರೆ, ಸವಕಳಿ ತಿಂಗಳಿಗೆ ರೂ. 16,667. ಸರಾಸರಿ ಬಾಕಿ 7 ಲಕ್ಷಕ್ಕೆ ಬಡ್ಡಿ ತಿಂಗಳಿಗೆ ರೂ. 5,250. ಒಟ್ಟು ರೂ. 21,917. ವಿಮೆ, ನಿರ್ವಹಣೆ, ತೆರಿಗೆಗಳು ಇದರಲ್ಲಿ ಸೇರಿಲ್ಲ.

ಈಗ ಬೆಲೆ ಶೇ. 8.8ರಷ್ಟು ಏರಿ ರೂ. 10,88,000 ಆಯಿತೆನ್ನೋಣ, ಬಡ್ಡಿ ಶೇ. 11 ಆಗಲಿ. ಗುತ್ತಿಗೆ ಸಂಸ್ಥೆಯು ಉಳಿಕೆ ಮೌಲ್ಯವನ್ನು ಮೊದಲಿನ 4 ಲಕ್ಷದಲ್ಲೇ ಇರಿಸಿದರೆ ಸವಕಳಿ ರೂ. 19,111, ಬಡ್ಡಿ ರೂ. 6,820, ಒಟ್ಟು ರೂ. 25,931 ಆಗುತ್ತದೆ. ಬೆಲೆಯ ಏರಿಕೆ ಶೇ. 9ಕ್ಕಿಂತ ಕಡಿಮೆ, ಬಾಡಿಗೆಯ ಏರಿಕೆ ಶೇ. 18ಕ್ಕಿಂತ ಹೆಚ್ಚು. ಉಳಿಕೆ ಮೌಲ್ಯವನ್ನೂ ಅದೇ ಪ್ರಮಾಣದಲ್ಲಿ ಏರಿಸಿ ರೂ. 4,35,200 ಎಂದು ಗಣಿಸಿದರೆ ಬಾಡಿಗೆ ರೂ. 25,114ಕ್ಕೆ ನಿಲ್ಲುತ್ತದೆ. ವ್ಯತ್ಯಾಸ ತಿಂಗಳಿಗೆ ರೂ. 817; 36 ತಿಂಗಳಿಗೆ ಸುಮಾರು ರೂ. 29,400. ಕೊರತೆಯ ಕಾಲದಲ್ಲಿ ಹಳೆಯ ವಾಹನಗಳ ಬೆಲೆ ಸಹಜವಾಗಿಯೇ ಏರುತ್ತದೆ. ಅಮೆರಿಕದಲ್ಲಿ 2022ರ ಜನವರಿಯಲ್ಲಿ ಹಳೆಯ ಕಾರುಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 40ರಷ್ಟು ಹೆಚ್ಚಿತ್ತು. ಆದ್ದರಿಂದ ಉಳಿಕೆ ಮೌಲ್ಯವೆಷ್ಟೆಂದು ಕೇಳಿ ಚೌಕಾಸಿ ಮಾಡುವ ಹಕ್ಕು ಗ್ರಾಹಕನಿಗಿದೆ. ಬಾಡಿಗೆಯ ಅಂಕಿಯನ್ನು ಮಾತ್ರ ನೋಡಿ ಸಹಿ ಹಾಕಿದವನಿಗೆ ಆ ಅವಕಾಶ ದೊರೆಯುವುದಿಲ್ಲ.

ಬಡ್ಡಿಯ ಮಾತೂ ಹಾಗೆಯೇ. ರಿಸರ್ವ್ ಬ್ಯಾಂಕಿನ ರೆಪೊ ದರವು 2022ರ ಮೇ ತಿಂಗಳಲ್ಲಿ ಶೇ. 4ರಿಂದ ಏರತೊಡಗಿ 2023ರ ಫೆಬ್ರವರಿಗೆ ಶೇ. 6.50 ತಲುಪಿತು. 2025ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರ್‌ನಲ್ಲಿ ಶೇ. 5.25 ಆಯಿತು. ಆದರೆ ಬಾಡಿಗೆಯನ್ನು ಸ್ಥಿರವಾಗಿ ನಿಗದಿಪಡಿಸಿದ ಕರಾರಿಗೆ ಈ ಇಳಿಕೆಯ ಲಾಭ ತಟ್ಟುವುದಿಲ್ಲ. ಮಾರುಕಟ್ಟೆ ತಿರುಗಿದ ಪರಿಯೂ ಗಮನಾರ್ಹ. ವಾಹನ ವಿತರಕರ ಒಕ್ಕೂಟವಾದ ಫಾಡಾ 2024ರ ಸೆಪ್ಟೆಂಬರ್‌ಗೆ ನೀಡಿದ ಅಂಕಿಗಳಂತೆ ಮಳಿಗೆಗಳಲ್ಲಿ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರುಗಳು ತುಂಬಿದ್ದವು. ಎರಡು ವರ್ಷಗಳ ಹಿಂದೆ ಅಂಗಲಾಚಿದರೂ ಸಿಗದಿದ್ದ ವಾಹನಕ್ಕೆ ರಿಯಾಯಿತಿ ಘೋಷಿಸುವ ಕಾಲ ಬಂದಿತು.

ಅವಧಿ ಮುಗಿದ ಹಳೆಯ ವಾಹನ

ಹೊಸ ವಾಹನ ಬಾರದಿದ್ದಾಗ ಗುತ್ತಿಗೆ ಮುಗಿದ ವಾಹನವನ್ನೇ ಮುಂದುವರಿಸುವುದು ಅನಿವಾರ್ಯ. ಇಲ್ಲಿಯೇ ಅನೇಕರು ಎಡವುತ್ತಾರೆ. ಮೇಲಿನ ಉದಾಹರಣೆಯಲ್ಲಿ ಮೂರು ವರ್ಷಗಳ ಬಾಡಿಗೆಯಿಂದ ಗುತ್ತಿಗೆ ಸಂಸ್ಥೆಯು 6 ಲಕ್ಷ ರೂಪಾಯಿ ಸವಕಳಿಯನ್ನು ವಸೂಲು ಮಾಡಿಕೊಂಡಾಗಿದೆ. ಉಳಿದಿರುವ ಮೌಲ್ಯ 4 ಲಕ್ಷ. ನಾಲ್ಕನೆಯ ವರ್ಷ ಅದು 3.2 ಲಕ್ಷಕ್ಕೆ ಇಳಿಯುತ್ತದೆಂದು ಭಾವಿಸಿದರೂ, ಶೇ. 11ರ ಬಡ್ಡಿ ಸೇರಿ ತಿಂಗಳಿಗೆ ಸುಮಾರು ರೂ. 10,000 ಮಾತ್ರ ತಗಲುತ್ತದೆ. ನಿರ್ವಹಣೆಯ ವೆಚ್ಚ ಹೆಚ್ಚುವುದು ನಿಜ. ಆದರೂ ಹಳೆಯ ಬಾಡಿಗೆಯಾದ ರೂ. 21,917ನ್ನೇ ಮುಂದುವರಿಸುವುದಕ್ಕೆ ಸಮರ್ಥನೆ ಇಲ್ಲ. ವಿಸ್ತರಣೆಯ ದರವನ್ನು ಮೂಲ ಕರಾರಿನಲ್ಲಿಯೇ ನಮೂದಿಸದಿದ್ದರೆ ಹಳೆಯ ದರವೇ ಉಳಿಯುವ ಸಂಭವ ಹೆಚ್ಚು.

ಎರಡು ಕಡೆಯ ಹೊಡೆತ

ಪೀಣ್ಯ, ಬಿಡದಿ, ಧಾರವಾಡ, ಬೆಳಗಾವಿಗಳ ಸಣ್ಣ ತಯಾರಕರಿಗೆ ಈ ಕೊರತೆಯು ಎರಡು ಕಡೆಯಿಂದ ತಟ್ಟುವಂಥದ್ದು. ವಾಹನದ ಗ್ರಾಹಕನಾಗಿ ಕಾಯುವುದು ಒಂದು ಕಡೆಯಾದರೆ, ವಾಹನ ಉದ್ಯಮಕ್ಕೆ ಬಿಡಿಭಾಗ ಒದಗಿಸುವವನಾಗಿ ಬೇಡಿಕೆ ಕಳೆದುಕೊಳ್ಳುವುದು ಇನ್ನೊಂದು ಕಡೆ. ಚಿಪ್ ಬಾರದೆ ಜೋಡಣೆಯ ಸಾಲು ನಿಂತರೆ ಎರಕದ ಭಾಗವೂ ಬೇಡ, ಬೋಲ್ಟೂ ಬೇಡ. ಉಕ್ಕಿಗೆ ಹಣ ಕೊಟ್ಟಾಗಿರುತ್ತದೆ. ಸಂಬಳ, ವಿದ್ಯುತ್ ಬಿಲ್ಲು, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಕರಾರಿದ್ದರೂ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಯಾಗಬೇಕೆಂಬ ನಿಯಮವಿದೆ. ಹಾಗೆ ಪಾವತಿಸದ ಮೊತ್ತವನ್ನು ಖರೀದಿದಾರನು ಆ ವರ್ಷದ ವೆಚ್ಚವೆಂದು ತೋರಿಸುವಂತಿಲ್ಲವೆಂಬ ಆದಾಯ ತೆರಿಗೆ ನಿಯಮವೂ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ಆದರೆ ಈ ರಕ್ಷಣೆ ದೊರೆಯುವುದು ಖರೀದಿದಾರನು ಸ್ವೀಕರಿಸಿದ ಸರಕಿಗೆ. ತಯಾರಾಗಿ ಗೋದಾಮಿನಲ್ಲೇ ಉಳಿದ ಸರಕಿಗೆ ಬೇಡಿಕೆ ಪತ್ರದ ಷರತ್ತುಗಳೇ ಆಧಾರ. ಬೇಡಿಕೆಯನ್ನು ಮುಂದೂಡಿದರೆ ಕಚ್ಚಾ ಸಾಮಗ್ರಿಯ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಅದರಲ್ಲಿ ಬರೆಸಿಕೊಂಡವರು ವಿರಳ.

ಮರುಕಳಿಸಿದ ಎಚ್ಚರಿಕೆ

2025ರ ಏಪ್ರಿಲ್ 4ರಂದು ಚೀನಾ ದೇಶವು ಏಳು ವಿರಳ ಭೂಧಾತುಗಳ ಹಾಗೂ ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿತು. ವಿದ್ಯುತ್ ವಾಹನದ ಮೋಟಾರಿಗೆ ಈ ಆಯಸ್ಕಾಂತಗಳು ಅಗತ್ಯವಾದುದರಿಂದ ಭಾರತದ ತಯಾರಕರೂ ತೊಂದರೆಗೆ ಸಿಲುಕಿದರು. ಅದೇ ಅಕ್ಟೋಬರ್‌ನಲ್ಲಿ, ನೆದರ್ಲೆಂಡ್ಸ್ ಸರ್ಕಾರ ಮತ್ತು ಚೀನಾ ನಡುವಿನ ವಿವಾದದಿಂದ ನೆಕ್ಸ್‌ಪೀರಿಯಾ ಸಂಸ್ಥೆಯ ಚಿಪ್‌ಗಳ ರಫ್ತಿಗೆ ತಡೆ ಬಿದ್ದು, ಮೆಕ್ಸಿಕೋದ ಹೋಂಡಾ ಕಾರ್ಖಾನೆ ಉತ್ಪಾದನೆ ನಿಲ್ಲಿಸಬೇಕಾಯಿತು.

ಕೇಂದ್ರ ಸರ್ಕಾರವು ಚಿಪ್ ತಯಾರಿಕೆಗೆ 2021ರ ಡಿಸೆಂಬರ್‌ನಲ್ಲಿ ರೂ. 76,000 ಕೋಟಿಯ ಯೋಜನೆಯನ್ನೂ, ಆಯಸ್ಕಾಂತಗಳ ತಯಾರಿಕೆಗೆ 2025ರ ನವೆಂಬರ್‌ನಲ್ಲಿ ರೂ. 7,280 ಕೋಟಿಯ ಯೋಜನೆಯನ್ನೂ ಮಂಜೂರು ಮಾಡಿತು. ಮೈಸೂರು ಮೂಲದ ಕೇನ್ಸ್ ಸಂಸ್ಥೆಯ ಸಾನಂದ್ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ದೊರೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ಫಲ ಕೊಡುವವರೆಗೆ ಪ್ರತಿ ಉದ್ದಿಮೆಯೂ ತನ್ನ ಎಚ್ಚರಿಕೆಯಲ್ಲಿ ತಾನಿರಬೇಕು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ವಾಹನ ಬದಲಾವಣೆಯ ಯೋಜನೆಯನ್ನು ಗುತ್ತಿಗೆ ಮುಗಿಯುವ ತಿಂಗಳಿನಲ್ಲಲ್ಲ, ಅದಕ್ಕೆ ಆರೇಳು ತಿಂಗಳು ಮೊದಲೇ ಆರಂಭಿಸಬೇಕು. ಎರಡನೆಯದಾಗಿ, ಉಳಿಕೆ ಮೌಲ್ಯ, ಬಡ್ಡಿ ದರ, ವಿಸ್ತರಣೆಯ ದರ ಹಾಗೂ ವಿತರಣೆ ತಡವಾದರೆ ಬದಲಿ ವಾಹನದ ವ್ಯವಸ್ಥೆ, ಈ ನಾಲ್ಕನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಕೊರತೆಯ ಕಾಲದಲ್ಲಿ ದೀರ್ಘಾವಧಿಯ ಕರಾರಿಗಿಂತ ಹಳೆಯ ವಾಹನದ ಅಲ್ಪಾವಧಿ ವಿಸ್ತರಣೆಯೇ ಲೇಸು.

ಮೂರನೆಯದು ತೆರಿಗೆಯ ವಿಚಾರ. ಸರಕು ಸಾಗಣೆ ವಾಹನದ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಸ್ವಂತ ಬಳಕೆಯ ಕಾರಿಗೆ, ಕೊಂಡರೂ ಬಾಡಿಗೆಗೆ ಪಡೆದರೂ, ಸಾಮಾನ್ಯವಾಗಿ ದೊರೆಯದು. ಆ ತೆರಿಗೆ ನೇರ ವೆಚ್ಚವೇ ಸರಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೂ ಸರಕು ವಾಹನಗಳಿಗೂ ದರ ಶೇ. 18, ದೊಡ್ಡ ಕಾರುಗಳಿಗೆ ಶೇ. 40 ಎಂದು ನಿಗದಿಯಾಯಿತು. ಕೇವಲ ಗುತ್ತಿಗೆ ನೀಡಿದ ವಾಹನದ ಬಾಡಿಗೆಗೂ ಆ ವಾಹನಕ್ಕೆ ಅನ್ವಯಿಸುವ ದರವೇ ಅನ್ವಯಿಸುವುದರಿಂದ, ಅಲ್ಲಿಂದೀಚಿನ ಬಿಲ್ಲುಗಳನ್ನು ಲೆಕ್ಕಪರಿಶೋಧಕರಿಂದ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ನಾಲ್ಕನೆಯದಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ವಿತರಣೆ ತಡವಾಯಿತೆಂದು ಗ್ರಾಹಕ ಆಯೋಗದ ಮೆಟ್ಟಿಲೇರುವ ದಾರಿ ಕಂಪನಿಗಳಿಗೆ ಸುಲಭವಲ್ಲ. ಆದ್ದರಿಂದ ಮುಂಗಡ ಹಿಂತಿರುಗಿಸುವ ಷರತ್ತನ್ನು ಬುಕ್ಕಿಂಗ್ ಸಮಯದಲ್ಲೇ ಓದಿ ತಿಳಿಯಬೇಕು.

ಕೊನೆಯದಾಗಿ ದಾಸ್ತಾನಿನ ಪಾಠ. ಬಿಡಿಭಾಗಗಳ ದಾಸ್ತಾನನ್ನು ಕನಿಷ್ಠಕ್ಕಿಳಿಸುವ ವಿಧಾನವನ್ನು ಜಗತ್ತಿಗೆ ಕಲಿಸಿದ್ದು ಟೊಯೋಟಾ. ಆದರೆ 2011ರ ಭೂಕಂಪದ ತರುವಾಯ ಅದೇ ಸಂಸ್ಥೆಯು ಚಿಪ್‌ಗಳಂಥ ಭಾಗಗಳನ್ನು ತಿಂಗಳುಗಳ ಮಟ್ಟಿಗೆ ಸಂಗ್ರಹಿಸಿಡುವಂತೆ ತನ್ನ ಪೂರೈಕೆದಾರರಿಗೆ ಸೂಚಿಸಿತ್ತು. 2021ರ ಮೊದಲ ತಿಂಗಳುಗಳಲ್ಲಿ ಇತರರು ಉತ್ಪಾದನೆ ನಿಲ್ಲಿಸಿದಾಗ ಅದು ಬಹುಮಟ್ಟಿಗೆ ತಡೆದುಕೊಂಡಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದೂ ತನ್ನ ಜಾಗತಿಕ ಉತ್ಪಾದನಾ ಯೋಜನೆಯನ್ನು ಶೇ. 40ರಷ್ಟು ತಗ್ಗಿಸಬೇಕಾಯಿತು. ಸಂಗ್ರಹವು ಕೊರತೆಯನ್ನು ನೀಗಿಸಲಾರದು, ಯೋಚಿಸಿ ನಿರ್ಧರಿಸಲು ಕಾಲಾವಕಾಶ ಕೊಡಬಲ್ಲದು. ಎಲ್ಲ ಸರಕನ್ನೂ ಕೂಡಿಡುವ ಶಕ್ತಿ ಸಣ್ಣ ಉದ್ದಿಮೆಗಿಲ್ಲ. ಯಾವ ಒಂದು ವಸ್ತು ಇಲ್ಲದಿದ್ದರೆ ಕೆಲಸವೇ ನಿಲ್ಲುವುದೋ ಅದನ್ನು ಗುರುತಿಸಿ, ಅದನ್ನಷ್ಟೇ ಮುಂಚಿತವಾಗಿ ಕಾಯ್ದಿರಿಸುವುದು ಯಾರಿಗೂ ಸಾಧ್ಯ. ಸರಕು ಸಾಗಿಸುವ ವಾಹನವೂ ಅಂಥ ವಸ್ತುಗಳ ಪಟ್ಟಿಯಲ್ಲಿ ಸೇರಿರಬೇಕು.